ಆಲೆಮನೆಯ ಗಾಣದಲ್ಲಿ ಕೈ ಸಿಕ್ಕುವ ಅಪಾಯವೂ ಅದರ ನಿವಾರಣೆಯೂ

ಕನ್ನಡ ನಾಡಿನಲ್ಲಿ ಕಬ್ಬು ಬೆಳೆಯುವ ಸೀಮೆಗಳಲ್ಲೆಲ್ಲಾ ಬೆಲ್ಲ ಮಾಡುವ ಕೆಲಸವು ಬಹು ಪುರಾತನವಾದುದು. ಕೃಷ್ಣರಾಜಸಾಗರದ ನೀರು ಮಂಡ್ಯದ ಬಯಲಿಗೆ ಹರಿದ ಮೇಲೆ ಅಲ್ಲಿ ಕಬ್ಬಿನ ಬೇಸಾಯವು ಹಬ್ಬಿ, 1933ರಲ್ಲಿ ಸಕ್ಕರೆಯ ಕಂಪೆನಿಯೂ ಸ್ಥಾಪಿತವಾಯಿತು. ಹಾಗಿದ್ದಾಗ್ಯೂ ಆಲೆಮನೆಗಳು ಮುಚ್ಚಿಹೋಗಲಿಲ್ಲ. ಉತ್ತರದಲ್ಲಿ ಮಹಾಲಿಂಗಪುರ, ಮುಧೋಳಗಳ ಕಡೆಯಲ್ಲಿಯೂ ಅವು ನಡೆಯುತ್ತಲೇ ಇವೆ. ಬೆಲ್ಲದ ಬಣ್ಣ, ಅದರ ಗಟ್ಟಿತನ, ಮಳೆಗಾಲದಲ್ಲಿ ಅದು ನೀರೊಡೆಯದಂತೆ ಕಾಪಾಡುವ ಕ್ರಮ, ಸೌದೆಯನ್ನು ಉಳಿಸುವ ಒಲೆಯ ರಚನೆ, ಇವುಗಳನ್ನು ಕುರಿತು ರೈತರು ಬೇಕಾದಷ್ಟು ಓದಿದ್ದಾರೆ, ಕೇಳಿದ್ದಾರೆ. ಆ ಬೆಲ್ಲವನ್ನು ಮಾಡುವವರ ಕೈಬೆರಳುಗಳ ವಿಚಾರವನ್ನು ಮಾತ್ರ ಹೇಳಿದವರು ಕಡಮೆ.

ದೊಡ್ಡ ಸಕ್ಕರೆಯ ಕಾರ್ಖಾನೆಯಲ್ಲಿ ಕಬ್ಬನ್ನು ಗಾಣದ ಬಾಯಿಗೆ ಒಯ್ಯುವುದು ಸರಪಣಿಯ ಸಾಗಣೆಪಟ್ಟಿ. ಮನುಷ್ಯನ ಕೈ ಅಲ್ಲಿಗೆ ಹೋಗಬೇಕಾದ ಪ್ರಮೇಯವೇ ಇಲ್ಲ. ಆಲೆಮನೆಯಲ್ಲಾದರೋ ಕಬ್ಬನ್ನು ಗಾಣಕ್ಕೆ ಕೊಡುವುದು ಈ ದಿನವೂ ಮನುಷ್ಯನ ಕೈಯೇ. ಕೆಲಸದ ಸ್ಥಳದಲ್ಲಿ ಅಪಾಯವನ್ನು ತಡೆಯುವ ಶಾಸನಗಳೂ ಬಹುಮಟ್ಟಿಗೆ ದೊಡ್ಡ ಸ್ಥಳಗಳನ್ನೇ ಉದ್ದೇಶಿಸಿ ಹುಟ್ಟಿದವು. 1948ರ ಫ್ಯಾಕ್ಟರಿಗಳ ಕಾಯಿದೆಯು ಯಂತ್ರಶಕ್ತಿಯನ್ನುಪಯೋಗಿಸಿ ಹತ್ತು ಮಂದಿ ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸ್ಥಳಗಳಿಗೆ ಅನ್ವಯಿಸುವಂತೆ ರಚಿತವಾಗಿತ್ತು. 2020ರ ಸಂಹಿತೆಯಲ್ಲಿ ಈ ಮಿತಿಯು ಇಪ್ಪತ್ತಕ್ಕೆ ಏರಿತು. ಏಳೆಂಟು ಮಂದಿ ದುಡಿಯುವ ಆಲೆಮನೆಯು ಆಗಲೂ ಹೊರಗೆ, ಈಗಲೂ ಹೊರಗೆ. ಆದಕಾರಣ ಇಲ್ಲಿ ಅಪಾಯವನ್ನು ತಡೆಯುವ ಭಾರವೆಲ್ಲ ಆಲೆಮನೆಯ ಯಜಮಾನನ ಮೇಲೂ ಗಾಣವನ್ನು ಮಾಡಿ ಮಾರುವವನ ಮೇಲೂ ಬೀಳುತ್ತದೆ.

ಈ ಅಪಾಯವು ಹಿಂದೆ ಇಷ್ಟಿರಲಿಲ್ಲವೆಂಬುದಕ್ಕೆ ಕಾರಣವುಂಟು. ಹಿಂದಿನ ಕಾಲದಲ್ಲಿ ಮರದ ಗಾಣ, ಕಲ್ಲಿನ ಗಾಣಗಳನ್ನು ಎತ್ತುಗಳಿಂದ ತಿರುಗಿಸುತ್ತಿದ್ದರು. 1870ರ ದಶಕದಲ್ಲಿ ಬಿಹಾರದ ಬಿಹಿಯಾ ಎಂಬಲ್ಲಿ ಥಾಮ್ಸನ್ ಮತ್ತು ಮಿಲ್ನ್ ಎಂಬವರು ಕಬ್ಬಿಣದ ಉರುಳೆಗಳುಳ್ಳ ಗಾಣವನ್ನು ಬಳಕೆಗೆ ತಂದರು. ಆ ಬಗೆಯ ಗಾಣಗಳು ಕ್ರಮೇಣ ದೇಶದ ಎಲ್ಲ ಕಡೆಗೂ ಹಬ್ಬಿದವು. ರಸ ಹೆಚ್ಚಾಯಿತು, ಶ್ರಮ ತಗ್ಗಿತು. ಆದರೆ ಎಳೆಯುವುದು ಆಗಲೂ ಎತ್ತೇ ಆಗಿತ್ತು. ಎತ್ತಿಗೆ ಕಿವಿಯುಂಟು. ಕಬ್ಬು ಕೊಡುವವನು ಕೂಗಿಕೊಂಡರೆ ಅದು ನಿಲ್ಲುತ್ತದೆ. ಕೂಗದಿದ್ದರೂ ಗಾಣದ ಬಾಯಿಯಲ್ಲಿ ಭಾರವಾದುದೇನಾದರೂ ಸಿಕ್ಕಿದರೆ ತಾನಾಗಿಯೇ ತಡೆಯುತ್ತದೆ. ಎಣ್ಣೆಯ ಎಂಜಿನ್ನು ಬಂದು, ಅದರ ಹಿಂದೆ ವಿದ್ಯುತ್ತಿನ ಮೋಟಾರು ಬಂದ ಮೇಲೆ ಗಾಣವು ಅದೇ ಗಾಣವಾಗಿ ಉಳಿಯಿತು, ಕಬ್ಬು ಕೊಡುವ ಕೈ ಅದೇ ಸ್ಥಳದಲ್ಲಿ ಉಳಿಯಿತು. ನಿಲ್ಲುವ ಬುದ್ಧಿಯುಳ್ಳ ಪ್ರಾಣಿ ಮಾತ್ರ ಹೊರಟುಹೋಯಿತು. ಈ ಒಂದು ವ್ಯತ್ಯಾಸವನ್ನು ಸರಿಯಾಗಿ ಗ್ರಹಿಸಿದರೆ ಉಳಿದ ವಿಷಯವೆಲ್ಲಾ ಸುಲಭವಾಗಿ ತಿಳಿಯುವುದು.

ಲೆಕ್ಕವನ್ನು ನೋಡಬಹುದು. ಒಂದು ಅಡಿ ವ್ಯಾಸವುಳ್ಳ ಉರುಳೆಯ ಸುತ್ತಳತೆಯು ಸುಮಾರು 37 ಅಂಗುಲ. ಅದು ನಿಮಿಷಕ್ಕೆ ಹತ್ತು ಸುತ್ತು ಮಾತ್ರ ತಿರುಗುವುದೆಂದು ಇಟ್ಟುಕೊಂಡರೂ, ಒಂದು ಸೆಕೆಂಡಿಗೆ ಆರು ಅಂಗುಲಕ್ಕೆ ಮೇಲ್ಪಟ್ಟು ಕಬ್ಬನ್ನು ಒಳಕ್ಕೆಳೆಯುತ್ತದೆ. ಬೆರಳ ತುದಿಯಿಂದ ಮೊಣಕೈಯವರೆಗೆ ಒಂದು ಮೊಳ, ಎಂದರೆ 18 ಅಂಗುಲ. ಬೆರಳು ಸಿಕ್ಕಿದ ಕ್ಷಣದಿಂದ ಮೂರು ಸೆಕೆಂಡುಗಳೊಳಗೆ ಮೊಣಕೈಯು ಉರುಳೆಯ ಬಾಯಿಯಲ್ಲಿರುತ್ತದೆ. ಸಿಕ್ಕಿದವನು ಕೂಗಿ, ಇನ್ನೊಬ್ಬನು ಕೇಳಿ, ಏನಾಯಿತೆಂದು ತಿರುಗಿ ನೋಡಿ, ಎಂಜಿನ್ನಿನ ಬಳಿಗೆ ಓಡುವುದಕ್ಕೆ ಇದರ ಎರಡರಷ್ಟು ಹೊತ್ತು ಹಿಡಿಯುತ್ತದೆ. ಅಷ್ಟಾದರೂ ಎಂಜಿನ್ನಿನ ಭಾರದ ಚಕ್ರವು ಒಡನೆಯೇ ನಿಲ್ಲತಕ್ಕದ್ದಲ್ಲ. ತನ್ನ ವೇಗದಿಂದ ಇನ್ನೂ ಕೆಲವು ಸುತ್ತು ತಿರುಗಿಯೇ ತಿರುಗುತ್ತದೆ. ಇದರಿಂದ ತಿಳಿಯತಕ್ಕದ್ದೇನೆಂದರೆ, ಕೈ ಸಿಕ್ಕಿದ ಮೇಲೆ ಬಿಡಿಸುವ ಉಪಾಯವನ್ನು ನೆಚ್ಚುವಂತಿಲ್ಲ. ಕೈ ಅಲ್ಲಿಗೆ ಮುಟ್ಟದಂತೆ ಮಾಡುವುದೊಂದೇ ನಿಜವಾದ ಉಪಾಯ.

ಹದಿನೆಂಟನೆಯ ಶತಮಾನದಲ್ಲಿ ವೆಸ್ಟ್ ಇಂಡೀಸ್ ದ್ವೀಪಗಳ ಸಕ್ಕರೆಯ ಗಾಣಗಳ ಬಳಿಯಲ್ಲಿ ಒಂದು ಕೈಗೊಡಲಿಯನ್ನು ಸದಾ ಸಿದ್ಧವಾಗಿ ಇಡುತ್ತಿದ್ದರು. ಗಾಣಕ್ಕೆ ಕಬ್ಬು ಕೊಡುತ್ತಿದ್ದ ಗುಲಾಮರ ಕೈ ಉರುಳೆಗೆ ಸಿಕ್ಕಿದರೆ, ದೇಹವು ಪೂರ್ತಿಯಾಗಿ ಒಳಹೋಗುವುದಕ್ಕೆ ಮೊದಲು ಆ ತೋಳನ್ನು ಕಡಿದುಹಾಕುವುದಕ್ಕಾಗಿ ಅದು ಅಲ್ಲಿರುತ್ತಿತ್ತು. ಕೊಡಲಿಯನ್ನು ಇಡುವಷ್ಟು ಮುಂದಾಲೋಚನೆಯಿದ್ದವರಿಗೆ ಗಾಣದ ಬಾಯಿಗೆ ಒಂದು ಹಲಗೆಯನ್ನು ಅಡ್ಡ ಹೊಡೆಯುವ ಆಲೋಚನೆಯು ಬರಲಿಲ್ಲವೆಂಬುದು ಗಮನಿಸತಕ್ಕ ಸಂಗತಿ.

ಈಗ, ಕೈ ಉರುಳೆಯ ಬಳಿಗೆ ಹೋಗುವುದು ಏಕೆ? ನೆಟ್ಟಗಿರುವ ಉದ್ದನೆಯ ಕಬ್ಬನ್ನು ಕೊಡುವಾಗ ಕೈ ಗಾಣದಿಂದ ಮೂರು ನಾಲ್ಕು ಅಡಿ ದೂರದಲ್ಲಿಯೇ ಇರುತ್ತದೆ. ಆಗ ಅಪಾಯವು ಅತ್ಯಲ್ಪ. ಅಪಾಯವು ಹುಟ್ಟುವುದು ಬೇರೆ ಕೆಲಸಗಳಲ್ಲಿ. ಬಿದ್ದು ಸೊಟ್ಟಗಾದ ಕಬ್ಬು ಉರುಳೆಯ ಬಾಯಿಯಲ್ಲಿ ಅಡ್ಡವಾಗಿ ನಿಂತಾಗ ಅದನ್ನು ಅಂಗೈಯಿಂದ ಒತ್ತುವುದು, ಮುರಿದ ತುಂಡುಗಳನ್ನು ಹಿಡಿಹಿಡಿಯಾಗಿ ತುರುಕುವುದು, ಉರುಳೆಗೆ ಸುತ್ತಿಕೊಂಡ ರವದಿಯನ್ನು ಗಾಣವು ತಿರುಗುತ್ತಿರುವಾಗಲೇ ಬೆರಳಿನಿಂದ ಕೀಳುವುದು, ಕೆಳಗಿನ ರಸದ ತೊಟ್ಟಿಯನ್ನು ಬಳಿಯಲು ಬಗ್ಗಿದವನು ಆಯ ತಪ್ಪಿ ಉರುಳೆಯ ಮೇಲೆಯೇ ಕೈಯೂರುವುದು, ಇವೇ ಮುಖ್ಯವಾದವು. ಇವೆಲ್ಲಕ್ಕಿಂತಲೂ ಹೆಚ್ಚಿನದು ಒಂದುಂಟು. ಒಂದು ಸಲ ಅರೆದ ರಚ್ಚನ್ನು ಇನ್ನೊಂದು ಸಲ ಗಾಣಕ್ಕೆ ಕೊಡುವ ಅಭ್ಯಾಸವೇ ಅದು. ರಚ್ಚು ಮೆತ್ತಗಾಗಿ ಮಡಿಸಿಕೊಳ್ಳುವುದರಿಂದ ದೂರದಿಂದ ತಳ್ಳಿದರೆ ಒಳಗೆ ಹೋಗುವುದಿಲ್ಲ. ಉರುಳೆಯ ಬಾಯಿಗೆ ಒಯ್ದು ಮುಟ್ಟಿಸಿಯೇ ಕೊಡಬೇಕಾಗುತ್ತದೆ.

ರಚ್ಚನ್ನು ಎರಡನೆಯ ಸಲ ಕೊಡುವುದೇಕೆಂದರೆ, ಮೊದಲನೆಯ ಸಲ ರಸವು ಪೂರ್ತಿ ಬಾರದಿರುವುದರಿಂದ. ರಸವು ಬಾರದಿರುವುದೇಕೆಂದರೆ, ಉರುಳೆಗಳ ನಡುವಣ ಸಂದು ಸವೆದು ಹೆಚ್ಚಾಗಿರುವುದರಿಂದ. ಒಳ್ಳೆಯ ಮೂರು ಉರುಳೆಯ ಯಂತ್ರದ ಗಾಣವು ನೂರು ಮಣ ಕಬ್ಬಿಗೆ ಅರುವತ್ತು ಮಣಕ್ಕೆ ಕಡಮೆಯಿಲ್ಲದೆ ರಸ ಕೊಡಬೇಕು. ಹಾಗೆ ಬಾರದಿದ್ದರೆ ಸರಿಪಡಿಸತಕ್ಕದ್ದು ಸಂದನ್ನು. ಅದಕ್ಕೆ ಬದಲಾಗಿ ಮನುಷ್ಯನ ಕೈಯಿಂದ ರಚ್ಚನ್ನು ತುರುಕಿಸುವುದಲ್ಲ. ಸುಗ್ಗಿಗೆ ಮೊದಲು ಉರುಳೆಗಳನ್ನು ಕಡೆಸಿ, ಹಿಂದಿನ ಉರುಳೆಯ ಸಂದನ್ನು ಮುಂದಿನದಕ್ಕಿಂತ ಬಿಗಿಯಾಗಿ ಕೂರಿಸಿದರೆ ಒಂದೇ ಸಲಕ್ಕೆ ರಸವು ಇಳಿಯುತ್ತದೆ. ಕೈಯನ್ನು ಉಳಿಸುವ ಉಪಾಯವೂ ರಸವನ್ನು ಉಳಿಸುವ ಉಪಾಯವೂ ಇಲ್ಲಿ ಒಂದೇ ಆಗಿರುವುದು ರೈತನ ಅದೃಷ್ಟವೆನ್ನಬೇಕು. ಎಲ್ಲ ಕಡೆಯಲ್ಲಿಯೂ ಹೀಗಿರುವುದಿಲ್ಲ.

ಇನ್ನು ಮುಖ್ಯವಾದ ಸಾಧನವಾದ ದೋಣಿಯ ವಿಚಾರ. ಇದರಲ್ಲಿ ಒಕ್ಕಣೆಯ ಯಂತ್ರಗಳಿಂದ ಕಲಿಯತಕ್ಕ ಪಾಠವಿದೆ. ಗೋಧಿಯ ಹೊಸ ತಳಿಗಳು ಬಂದ ಮೇಲೆ, ಪಂಜಾಬು, ಹರಿಯಾಣ ಮತ್ತು ಉತ್ತರಪ್ರದೇಶಗಳಲ್ಲಿ 1970ರ ದಶಕದಲ್ಲಿ ಒಕ್ಕಣೆಯ ಯಂತ್ರಗಳು ಹಳ್ಳಿಹಳ್ಳಿಗೂ ಹಬ್ಬಿದವು. ಅವುಗಳಲ್ಲಿ ಸಿಕ್ಕಿ ಕೈ ಕಳೆದುಕೊಂಡವರು ಅನೇಕರು. ಮೊದಮೊದಲು ಇದನ್ನು ಕೂಲಿಗಾರರ ಅಜಾಗ್ರತೆಯೆಂದೇ ಹೇಳಿದರು. ಪರೀಕ್ಷಿಸಿ ನೋಡಲಾಗಿ, ತೆನೆಯನ್ನು ಕೊಡುವ ಬಾಯಿಯು ಎಷ್ಟು ಗಿಡ್ಡದಾಗಿತ್ತೆಂದರೆ, ಜಾಗ್ರತೆಯಿದ್ದವನ ಕೈಯೂ ತಿರುಗುವ ಹಲ್ಲುಗಳನ್ನು ಮುಟ್ಟುವಂತಿತ್ತು. ಅಲ್ಲಿಂದ ಮುಂದೆ 1983ರಲ್ಲಿ ಅಪಾಯಕರ ಯಂತ್ರಗಳ ನಿಯಂತ್ರಣದ ಕಾಯಿದೆಯು ಶಾಸನವಾಗಿ, ಯಂತ್ರವನ್ನು ತಯಾರಿಸುವವನ ಮೇಲೆಯೇ ಹೊಣೆಯನ್ನು ಹೊರಿಸಲಾಯಿತು. ಭಾರತೀಯ ಮಾನಕ ಸಂಸ್ಥೆಯು ಒಕ್ಕಣೆಯ ಯಂತ್ರಕ್ಕೆ ಗೊತ್ತುಮಾಡಿದ ಅಳತೆಯಂತೆ ದೋಣಿಯ ಉದ್ದವು 90 ಸೆಂಟಿಮೀಟರಿಗೆ ಕಡಮೆಯಿರಬಾರದು. ಅದರಲ್ಲಿ ಯಂತ್ರದ ಕಡೆಯ 45 ಸೆಂಟಿಮೀಟರು ಮೇಲೆ ಮುಚ್ಚಿರಬೇಕು. ಪೂರ್ಣವಯಸ್ಸಿನ ಗಂಡಸಿನ ತೋಳು, ಭುಜದಿಂದ ಬೆರಳ ತುದಿಯವರೆಗೆ, ಸಾಧಾರಣವಾಗಿ 75 ಸೆಂಟಿಮೀಟರಿನ ಆಸುಪಾಸಿನಲ್ಲಿರುವುದರಿಂದ, ದೋಣಿಯ ಹೊರತುದಿಯಲ್ಲಿ ನಿಂತವನು ಎಷ್ಟು ಚಾಚಿದರೂ ಬೆರಳು ಮುಟ್ಟದು. ಈ ಅಳತೆಯ ಮರ್ಮವಿಷ್ಟೇ.

ಕಬ್ಬಿನ ಗಾಣಕ್ಕೂ ಇದೇ ಅಳತೆಯ ದೋಣಿಯನ್ನು ಊರಿನ ಬಡಗಿಯಿಂದಾಗಲಿ ಕಮ್ಮಾರನಿಂದಾಗಲಿ ಮಾಡಿಸಬಹುದು. ಮೂರು ಅಡಿ ಉದ್ದದ ತಗಡಿನ ಅಥವಾ ಮರದ ದೋಣಿ. ಗಾಣದ ಕಡೆಗೆ ಒಂದೂವರೆ ಅಡಿ ಮುಚ್ಚಳ. ಮುಚ್ಚಿದ ಭಾಗದ ಎತ್ತರವು ಎರಡು ಮೂರು ಕಬ್ಬುಗಳು ಒಟ್ಟಿಗೆ ಹೋಗುವಷ್ಟು ಮಾತ್ರ ಇರತಕ್ಕದ್ದು. ಮುಚ್ಚಳವನ್ನು ಬೋಲ್ಟಿನಿಂದ ಬಿಗಿಯಬೇಕೇ ಹೊರತು ಕೈಯಿಂದ ಎತ್ತಿ ತೆಗೆಯುವಂತೆ ಕೂರಿಸಬಾರದು. ಕೂರಿಸಿದರೆ ಎರಡು ದಿನಗಳಲ್ಲಿ ಅದು ಆಲೆಮನೆಯ ಮೂಲೆಯಲ್ಲಿ ಕೋಳಿಗಳಿಗೆ ಆಶ್ರಯವಾಗಿರುವುದು ಖಂಡಿತ. ಗಿಡ್ಡ ತುಂಡುಗಳನ್ನು ತಳ್ಳುವುದಕ್ಕೆ ಎರಡು ಮೊಳದ ಮರದ ಕೋಲೊಂದನ್ನು ದೋಣಿಯ ಪಕ್ಕದಲ್ಲಿ ನೇತುಹಾಕಬೇಕು. ಕೋಲು ಕಬ್ಬಿಣದ್ದಾಗಿರಬಾರದು. ಮರದ್ದಾದರೆ ಉರುಳೆಗೆ ಸಿಕ್ಕಿದಾಗ ಅದು ಮುರಿದು ಹೋಗುವುದು, ಗಾಣಕ್ಕೆ ಹಾನಿಯಿಲ್ಲ, ಹಿಡಿದವನ ಕೈಗೂ ಏಟಿಲ್ಲ.

ದೋಣಿಯಿಂದ ಕೆಲಸವು ನಿಧಾನವಾಗುವುದೆಂಬ ಆಕ್ಷೇಪಣೆಯು ಕೇಳಿಬರುತ್ತದೆ. ಸೊಟ್ಟ ಕಬ್ಬು ಹೆಚ್ಚಾಗಿರುವ ಹೊಲದಲ್ಲಿ ಇದು ಒಂದಿಷ್ಟು ನಿಜವೇ. ಅಂಥ ಕಬ್ಬನ್ನು ಗಾಣದ ಬಳಿ ತರುವುದಕ್ಕೆ ಮೊದಲೇ ಸೊಟ್ಟವಿರುವಲ್ಲಿ ಕತ್ತರಿಸಿ, ತುಂಡುಗಳನ್ನು ನೆಟ್ಟಗಿರುವ ಕಬ್ಬುಗಳ ನಡುವೆ ಸೇರಿಸಿ ಕೊಟ್ಟರೆ ವಿಳಂಬವು ಬಹಳ ಕಡಮೆಯಾಗುತ್ತದೆ. ಸ್ವಲ್ಪ ವಿಳಂಬವು ಉಳಿದರೂ ಉಳಿಯಲಿ. ಕೊಪ್ಪರಿಗೆಯಲ್ಲಿ ರಸವು ಕಾಯುವ ಹೊತ್ತು ಗಾಣದ ವೇಗವನ್ನು ಅವಲಂಬಿಸಿಲ್ಲ. ಅನೇಕ ಆಲೆಮನೆಗಳಲ್ಲಿ ಗಾಣದವನು ಅವಸರಪಟ್ಟು ರಸ ತುಂಬಿ, ಕೊಪ್ಪರಿಗೆ ಬರಿದಾಗುವವರೆಗೆ ಸುಮ್ಮನೆ ಕುಳಿತಿರುವುದನ್ನು ಯಾರು ಬೇಕಾದರೂ ನೋಡಬಹುದು.

ಗಾಣವನ್ನು ನಿಲ್ಲಿಸುವ ಸಾಧನವು ಎಲ್ಲಿರಬೇಕೆಂಬುದು ಎರಡನೆಯ ವಿಷಯ. ಮೋಟಾರಿನ ಸ್ವಿಚ್ಚನ್ನು ಮಳೆ ನೀರು ಬೀಳದಿರಲೆಂದು ಗೋಡೆಯ ಆಚೆಯಲ್ಲಿ, ಸಣ್ಣ ಗೂಡಿನೊಳಗೆ, ಕೆಲವೆಡೆ ಬೀಗವನ್ನೂ ಹಾಕಿ ಇಡುವ ಪದ್ಧತಿಯಿದೆ. ಇದು ಸರಿಯಲ್ಲ. ಕಬ್ಬು ಕೊಡುವವನ ಒಂದು ಕೈ ಸಿಕ್ಕಿದ್ದರೂ ಇನ್ನೊಂದು ಕೈಗೋ ಮೊಣಕಾಲಿಗೋ ಎಟಕುವ ಸ್ಥಳದಲ್ಲಿ, ಒತ್ತಿದರೆ ಸಾಕು ನಿಲ್ಲುವಂಥ ಕೆಂಪು ಗುಂಡಿಯೊಂದಿರಬೇಕು. ಎಣ್ಣೆಯ ಎಂಜಿನ್ನಾದರೆ, ಪಟ್ಟಿಯನ್ನು ಬರಿಯ ಚಕ್ರಕ್ಕೆ ಜಾರಿಸುವ ಸನ್ನೆಕೋಲನ್ನು ಗಾಣದ ಕಡೆಯಿಂದಲೇ ಎಳೆಯುವಂತೆ ಏರ್ಪಡಿಸಬಹುದು. ಹೀಗೆ ಮಾಡಿದರೆ ಭಾರದ ಚಕ್ರವು ತಿರುಗುತ್ತಿದ್ದರೂ ಅದರ ಬಲವು ಗಾಣಕ್ಕೆ ಮುಟ್ಟುವುದಿಲ್ಲ.

ಪಟ್ಟಿಯೂ ಹಲ್ಲುಚಕ್ರಗಳೂ ಉರುಳೆಯಷ್ಟೇ ಕ್ರೂರವಾದವು. ಪಂಚೆಯ ತುದಿ, ಹೆಗಲ ಮೇಲಿನ ವಲ್ಲಿ, ಸೀರೆಯ ಸೆರಗು, ಬಿಚ್ಚಿದ ಜಡೆ, ಇವು ಅವುಗಳಲ್ಲಿ ಸಿಕ್ಕಿದರೆ ಮನುಷ್ಯನನ್ನೇ ಎಳೆದುಕೊಳ್ಳುತ್ತವೆ. ರಚ್ಚನ್ನು ಹೊತ್ತು ಒಣಗಲು ಹಾಕುವ ಕೆಲಸವು ಬಹುಮಟ್ಟಿಗೆ ಹೆಂಗಸರದು. ಅವರು ದಿನಕ್ಕೆ ನೂರಾರು ಸಲ ಪಟ್ಟಿಯ ಪಕ್ಕದಲ್ಲಿಯೇ ಓಡಾಡುತ್ತಾರೆ. ಪಟ್ಟಿಯ ಎರಡು ಕಡೆಗೂ ಎದೆಯೆತ್ತರಕ್ಕೆ ಬಿದಿರಿನ ತಡಿಕೆಯನ್ನು ಕಟ್ಟುವುದಕ್ಕೆ ಅರ್ಧ ದಿನದ ಕೂಲಿ ಸಾಕು. ಹಲ್ಲುಚಕ್ರಕ್ಕೆ ತಗಡಿನ ಮುಚ್ಚಿಗೆಯು ಅವಶ್ಯಕ. ಆಲೆಮನೆಗೆ ಬಿಸಿ ಬೆಲ್ಲದ ಆಸೆಯಿಂದ ಮಕ್ಕಳು ಬರುವುದು ಹಳ್ಳಿಯ ಹಳೆಯ ಸಂತೋಷಗಳಲ್ಲೊಂದು. ಅವರಿಗೆ ಗಾಣದ ಕಡೆಯಿಂದಲ್ಲದೆ ಬೆಲ್ಲದ ಅಚ್ಚಿನ ಕಡೆಯಿಂದ ದಾರಿಯನ್ನು ಮಾಡಿಕೊಟ್ಟರೆ ಸಾಕು, ಬರಬಾರದೆಂದು ಗದರಿಸಬೇಕಾದುದಿಲ್ಲ.

ಕೊಪ್ಪರಿಗೆಯ ವಿಚಾರವಾಗಿ ಒಂದೆರಡು ಮಾತು. ನೀರು ಕುದಿಯುವುದು 100 ಡಿಗ್ರಿ ಸೆಂಟಿಗ್ರೇಡಿನಲ್ಲಿ. ಬೆಲ್ಲದ ಪಾಕವು ಇಳಿಸುವ ಹದಕ್ಕೆ ಬರುವಾಗ ಸುಮಾರು 118 ಡಿಗ್ರಿ ಇರುತ್ತದೆ. ಬಿಸಿನೀರು ಮೈಮೇಲೆ ಬಿದ್ದರೆ ಹರಿದುಹೋಗುತ್ತದೆ, ಪಾಕವು ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಆದುದರಿಂದ ಪಾಕದ ಸುಟ್ಟಗಾಯವು ಆಳವಾದುದು. ಕೊಪ್ಪರಿಗೆಯ ಅಂಚು ನೆಲದ ಮಟ್ಟಕ್ಕೇ ಇರುವಲ್ಲಿ ಸುತ್ತಲೂ ಒಂದೂವರೆ ಅಡಿಯ ಕಟ್ಟೆಯನ್ನು ಕಟ್ಟಬೇಕು. ರಸ ಚೆಲ್ಲಿ ಜಾರುವ ನೆಲಕ್ಕೆ ಆಗಾಗ್ಗೆ ಬೂದಿಯನ್ನೂ ಮರಳನ್ನೂ ಎರಚುತ್ತಿರಬೇಕು. ಪಾಕವು ಬಿದ್ದ ಕೂಡಲೆ ಆ ಭಾಗವನ್ನು ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯತಕ್ಕದ್ದು. ಅಂಟಿದ ಬೆಲ್ಲವನ್ನು ಕಿತ್ತರೆ ಚರ್ಮವೂ ಜೊತೆಯಲ್ಲಿ ಬರುತ್ತದೆ. ನೀರಿನಲ್ಲಿ ಅದು ತಾನಾಗಿ ಕರಗುವುದು. ಮಸಿ, ಸಗಣಿ, ಎಣ್ಣೆ, ಹಲ್ಲುಜ್ಜುವ ಪೇಸ್ಟು, ಇವು ಯಾವುವನ್ನೂ ಬಳಿಯಕೂಡದು.

ಒಣ ರಚ್ಚಿನ ಬಣವೆಯು ಒಲೆಯ ಬಾಯಿಯಿಂದ ದೂರದಲ್ಲಿ, ಗಾಳಿಯು ಕಿಡಿಯನ್ನು ಒಯ್ಯದ ದಿಕ್ಕಿನಲ್ಲಿರಬೇಕೆಂಬುದು ರೈತರಿಗೆ ತಿಳಿದದ್ದೇ. ಮೋಟಾರಿಗೆ ಸರಿಯಾದ ಭೂಸಂಪರ್ಕವಿರಬೇಕು. ಒದ್ದೆ ನೆಲದಲ್ಲಿ ಬರಿಗಾಲಿನಲ್ಲಿ ದುಡಿಯುವ ಸ್ಥಳವಾದುದರಿಂದ 30 ಮಿಲಿಆಂಪೇರಿನಲ್ಲಿ ಕಡಿಯುವ ಸೋರಿಕೆ ತಡೆಯನ್ನೂ ಹಾಕಿಸುವುದು ಯುಕ್ತ.

ಅಪಾಯಗಳಿಗೆ ವಿಶೇಷವಾಗಿ ಅವಕಾಶಕೊಡುವ ಹೊತ್ತು ಬೆಳಗಿನ ಜಾವ. ಸುಗ್ಗಿಯಲ್ಲಿ ಗಾಣವು ರಾತ್ರಿಯೂ ನಡೆಯುತ್ತದೆ. ವಿದ್ಯುತ್ತು ಯಾವ ಹೊತ್ತಿಗೆ ದೊರೆತರೆ ಆ ಹೊತ್ತಿಗೆ ಅರೆಯಬೇಕಾದ ಊರುಗಳೂ ಇವೆ. ಕೂಲಿಯು ಕೊಪ್ಪರಿಗೆಗೆ ಇಷ್ಟೆಂದು ಗೊತ್ತಾಗಿರುವಲ್ಲಿ ಬಿಡುವು ತೆಗೆದುಕೊಳ್ಳುವವನಿಗೆ ನಷ್ಟ. ಹೀಗೆ ಹನ್ನೆರಡು ಗಂಟೆ ನಿಂತವನ ಕಣ್ಣು ಮೂರು ಗಂಟೆಯ ವೇಳೆಗೆ ಮುಚ್ಚಿಕೊಂಡರೆ ಅದನ್ನು ಅಜಾಗ್ರತೆಯೆಂದು ಕರೆಯುವುದು ನ್ಯಾಯವಲ್ಲ. ಕೂಲಿಗಾರನು ಕುಡಿದಿದ್ದನೆಂದು ಹೇಳಿ ಯಜಮಾನನು ಕೈ ತೊಳೆದುಕೊಳ್ಳುವುದೂ ಉಂಟು. ಕುಡಿದವನನ್ನು ಗಾಣದ ಮುಂದೆ ನಿಲ್ಲಿಸಿದವರು ಯಾರೆಂಬುದನ್ನು ಆಗ ಯಾರೂ ಕೇಳುವುದಿಲ್ಲ. ಕಬ್ಬು ಕೊಡುವವನನ್ನು ಎರಡು ಗಂಟೆಗೊಮ್ಮೆ ಬದಲಾಯಿಸಿ, ಅವನನ್ನು ಒಲೆಯ ಕಡೆಗೋ ರಚ್ಚಿನ ಕಡೆಗೋ ಕಳುಹಿಸುವುದಕ್ಕೆ ಖರ್ಚೇನೂ ಇಲ್ಲ. ಗಾಣದ ಬಾಯಿಯ ಮೇಲೆ ನೆರಳು ಬೀಳದಂತೆ ಒಂದು ದೀಪವನ್ನು ಕೊಡುವವನ ಎದುರಿಗೆ ಹಾಕಬೇಕು, ಬೆನ್ನ ಹಿಂದಲ್ಲ.

ಇಷ್ಟಾದರೂ ಕೈ ಸಿಕ್ಕಿದರೆ ಮಾಡತಕ್ಕದ್ದನ್ನು ಮೊದಲೇ ಎಲ್ಲರೂ ತಿಳಿದಿರಬೇಕು. ಮೊದಲು ಯಂತ್ರವನ್ನು ನಿಲ್ಲಿಸತಕ್ಕದ್ದು. ಆಮೇಲೆ ಸಿಕ್ಕಿದವನನ್ನು ಹಿಂದಕ್ಕೆ ಜಗ್ಗಬಾರದು. ಎಲ್ಲರೂ ಮಾಡುವುದು ಇದನ್ನೇ, ಇದರಿಂದ ಮಾಂಸವೂ ನರವೂ ಹರಿದುಹೋಗುತ್ತವೆ. ಮೋಟಾರನ್ನು ಹಿಮ್ಮುಖವಾಗಿ ತಿರುಗಿಸಲೂ ಬಾರದು. ಉರುಳೆಗಳನ್ನು ಒತ್ತಿ ಹಿಡಿದಿರುವ ಬೋಲ್ಟುಗಳನ್ನು ಸಡಿಲಿಸಿ, ಸಂದನ್ನು ಅಗಲಿಸಿ, ಕೈಯನ್ನು ಎತ್ತಿ ತೆಗೆಯಬೇಕು. ಈ ಬೋಲ್ಟುಗಳಿಗೆ ಹೊಂದುವ ಸ್ಪಾನರನ್ನು ಗಾಣದ ಚೌಕಟ್ಟಿಗೇ ಸರಪಣಿಯಿಂದ ಕಟ್ಟಿರಬೇಕು. ರಕ್ತವು ಹರಿಯುವ ಸ್ಥಳದ ಮೇಲೆ ಶುದ್ಧವಾದ ಬಟ್ಟೆಯಿಟ್ಟು ಬಲವಾಗಿ ಒತ್ತಿ ಹಿಡಿಯುವುದು ಮೊದಲನೆಯ ಚಿಕಿತ್ಸೆ. ಅದರಿಂದಲೂ ನಿಲ್ಲದೆ ಪ್ರಾಣಕ್ಕೆ ಅಪಾಯವಾಗುವಂತಿದ್ದರೆ ಮಾತ್ರ ಗಾಯದ ಮೇಲುಭಾಗದಲ್ಲಿ ಅಗಲವಾದ ಬಟ್ಟೆಯನ್ನು ಬಿಗಿದು ಕಟ್ಟಿ, ಕಟ್ಟಿದ ಹೊತ್ತನ್ನು ಬರೆದು ಕಳುಹಿಸಬೇಕು. ಬೆರಳು ತುಂಡಾಗಿ ಬಿದ್ದಿದ್ದರೆ ಅದನ್ನು ತೇವದ ಶುದ್ಧ ಬಟ್ಟೆಯಲ್ಲಿ ಸುತ್ತಿ, ನೀರು ಹೋಗದ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆತ ನೀರಿನಲ್ಲಿಟ್ಟು ಗಾಯಗೊಂಡವನ ಜೊತೆಯಲ್ಲಿಯೇ ಕಳುಹಿಸತಕ್ಕದ್ದು. ಮಂಜುಗಡ್ಡೆಯು ಬೆರಳನ್ನು ನೇರವಾಗಿ ಮುಟ್ಟಕೂಡದು. ಗಾಣದಲ್ಲಿ ನುಜ್ಜಾದ ಬೆರಳನ್ನು ಮತ್ತೆ ಜೋಡಿಸುವುದು ಸಾಧಾರಣವಾಗಿ ಕಷ್ಟ. ಆದರೂ ಅದನ್ನು ತೀರ್ಮಾನಿಸತಕ್ಕವರು ವೈದ್ಯರೇ ಹೊರತು ಆಲೆಮನೆಯವರಲ್ಲ. 108ಕ್ಕೆ ಕರೆಮಾಡಿ ಆಂಬುಲೆನ್ಸನ್ನು ಕರೆಸಬಹುದು.

1923ರ ಕಾಮಗಾರರ ಪರಿಹಾರದ ಕಾಯಿದೆಯ ಪಟ್ಟಿಯಲ್ಲಿ, ತಿದ್ದುಪಡಿಗಳಾದ ತರುವಾಯ, ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ನೂರಕ್ಕೆ 30ರಷ್ಟೂ, ಒಂದು ಕೈಯ ನಾಲ್ಕು ಬೆರಳುಗಳು ಹೋದರೆ 50ರಷ್ಟೂ, ಕೈಯೇ ಹೋದರೆ 60ರಷ್ಟೂ ನಷ್ಟವೆಂದು ಗೊತ್ತುಮಾಡಿದ್ದರು. ಕಚೇರಿಯ ಲೆಕ್ಕಕ್ಕೆ ಇದು ಸರಿಯಿರಬಹುದು. ನೇಗಿಲು ಹಿಡಿಯುವ, ಕಳೆ ಕೀಳುವ, ಕಬ್ಬು ಕಡಿಯುವ ಕೂಲಿಯನ್ನಲ್ಲದೆ ಬೇರೆ ಜೀವನೋಪಾಯವಿಲ್ಲದವನಿಗೆ ಬಲಗೈ ಹೋದ ಮೇಲೆ ಉಳಿಯುವ 40 ಭಾಗವು ಯಾವುದೆಂಬುದನ್ನು ಆ ಪಟ್ಟಿಯು ಹೇಳುವುದಿಲ್ಲ.

ಹೊಸ ಗಾಣವನ್ನು ಕೊಳ್ಳುವ ರೈತನು ಉರುಳೆಯ ಗಟ್ಟಿತನವನ್ನೂ ರಸದ ಪ್ರಮಾಣವನ್ನೂ ವಿಚಾರಿಸುವಂತೆಯೇ, ದೋಣಿಯಿದೆಯೇ, ಹಲ್ಲುಚಕ್ರಕ್ಕೆ ಮುಚ್ಚಿಗೆಯಿದೆಯೇ ಎಂದು ಕೇಳಿ, ಇಲ್ಲದಿದ್ದರೆ ಅದನ್ನು ಹಾಕಿಸಿಕೊಟ್ಟ ಮೇಲೆಯೇ ಹಣವನ್ನು ಕೊಡುವುದು ಒಳ್ಳೆಯದು. ಹಳೆಯ ಗಾಣವುಳ್ಳವರು ಸುಗ್ಗಿಯು ಮೊದಲಾಗುವುದಕ್ಕೆ ಮುಂಚೆ, ಗಾಣವು ನಿಂತಿರುವಾಗ, ಮೋಟಾರಿನ ತಂತಿಯನ್ನು ಬಿಡಿಸಿಟ್ಟು ಒಂದು ಪರೀಕ್ಷೆಯನ್ನು ಮಾಡಿ ನೋಡಬಹುದು. ಆಲೆಮನೆಯಲ್ಲಿ ಎಲ್ಲರಿಗಿಂತ ಎತ್ತರವಾದವನನ್ನು ಕಬ್ಬು ಕೊಡುವ ಸ್ಥಳದಲ್ಲಿ ನಿಲ್ಲಿಸಿ, ದೋಣಿಯೊಳಕ್ಕೆ ಸಾಧ್ಯವಾದಷ್ಟು ತೋಳನ್ನು ಚಾಚಿಸಬೇಕು. ಅವನ ನಡುಬೆರಳಿನ ತುದಿಗೂ ಉರುಳೆಗೂ ನಡುವೆ ಒಂದು ಗೇಣು ಉಳಿಯದಿದ್ದರೆ, ಎಷ್ಟು ಕಡಮೆಯೋ ಅಷ್ಟು ಉದ್ದವನ್ನು ದೋಣಿಗೆ ಕೂಡಿಸಿ, ಅನಂತರ ಅರೆಯಲು ಮೊದಲುಮಾಡತಕ್ಕದ್ದು.